ಎದೆ ನನ್ನದು, ಫೈಲೂ ನನ್ನದು

ಹದಿನಾಲ್ಕನೇ ತಾರೀಕು, ಗುರುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಮ್ಮನ ಆಶೀರ್ವಾದ. ದಿನಾ ಫೋನ್ ಮಾಡುವವಳಿಗೆ ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ಮಾತು ತಿರುಗಿಸುತ್ತೀಯ. "ಊಟ ಆಯ್ತಾ, ನಿದ್ದೆ ಬಂತಾ" ಎಂದು ಎರಡು ಮಾತು ಕೇಳಿ, "ಅಮ್ಮಾ, ಯಾರೋ ಬಂದ್ರು" ಎಂದು ಇಟ್ಟುಬಿಡುತ್ತೀಯ. ಒಂದೇ ವಾರದಲ್ಲಿ ನಿನ್ನ ಮನೆಗೆ ಒಂಬತ್ತು ಸಲ ಯಾರೋ ಬಂದಿದ್ದಾರೆ. ಕಾಗದವನ್ನಾದರೆ ಅರ್ಧಕ್ಕೆ ಕೆಳಗಿಟ್ಟರೂ ಅದು ಅಲ್ಲೇ ಬಿದ್ದಿರುತ್ತದೆ.

ನೇರವಾಗಿ ಬರೆಯುತ್ತೇನೆ. ನನಗೆ ಏನಾಗಿದೆ ಎಂದು ನನಗೆ ಗೊತ್ತು.

ನೀನೂ ನಿನ್ನ ತಮ್ಮನೂ ಸೇರಿ "ಎದೇಲಿ ಸ್ವಲ್ಪ ನೀರು ಸೇರಿದೆ ಅಷ್ಟೇ" ಎಂದಿರಿ. ನಂಬಿದೆ. ಪಕ್ಕೆಯೊಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ನಂಬಿದವಳ ಹಾಗೆ ಇದ್ದೆ. ಹೋದ ಶುಕ್ರವಾರ ನಿನ್ನ ತಮ್ಮ ಕರೆದುಕೊಂಡು ಹೋಗಿ ತೋಳಿಗೆ ಒಂದು ಇಂಜೆಕ್ಷನ್ ಹಾಕಿಸಿದ. ದಿನಕ್ಕೊಂದರಂತೆ ನುಂಗು ಎಂದು ಸಣ್ಣ ಮಾತ್ರೆಯನ್ನೂ ಕೊಟ್ಟ. "ಇದೇನೋ?" ಎಂದೆ. "ಶಕ್ತಿಗೆ ಅಮ್ಮಾ, ನಿಂಗೆ ನಿಶ್ಶಕ್ತಿ ಅಲ್ವಾ" ಎಂದ, ನನ್ನ ಮುಖ ನೋಡದೆ.

ಮನೆಗೆ ಬಂದು ಹಳೆಯ ಡೈರಿ ತೆಗೆದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳ ಡೈರಿ ಎಂದು ನೀವಿಬ್ಬರೂ ನಗುತ್ತಿದ್ದಿರಿ. "ಹಾಲಿನವನು ಬಂದ, ಹಾಲಿನವನು ಹೋದ" ಎಂದು ಅಣಕಿಸುತ್ತಿದ್ದಿರಿ. ನಾಲ್ಕು ವರ್ಷದ ಹಿಂದಿನ ಪುಟದಲ್ಲಿ ನನ್ನ ಅಕ್ಷರದಲ್ಲೇ ಇದೆ. ಅದೇ ಇಂಜೆಕ್ಷನ್, ಅದೇ ಮಾತ್ರೆ, ಕೀಮೋ ಶುರುವಾಗುವುದಕ್ಕೆ ಒಂದು ವಾರ ಮೊದಲು. ನಿಮ್ಮಪ್ಪನಿಗೆ. ಅವರಿಗೂ ನಾನು "ಶಕ್ತಿಗೆ" ಎಂದೇ ಹೇಳಿದ್ದೆ.

ಸೋಮವಾರ ಟೈಲರ್ ಹತ್ತಿರ ಹೋಗುತ್ತೇನೆ ಎಂದು ನಿನ್ನ ತಮ್ಮನಿಗೆ ಸುಳ್ಳು ಹೇಳಿ ಆಸ್ಪತ್ರೆಯ ಬಸ್ಸು ಹತ್ತಿದೆ. ಅಲ್ಲಿ ಮೆಟ್ಟಿಲು ಹತ್ತುವಾಗ ಮೂರು ಕಡೆ ನಿಂತೆ. ಮೂರು ಕಡೆಯೂ ಗೋಡೆಯ ಮೇಲಿನ ನೋಟೀಸು ಓದುವವಳ ಹಾಗೆ ನಟಿಸಿದೆ. ಎದೆ ವಿಭಾಗದ ಡಾಕ್ಟರಮ್ಮ ನನ್ನನ್ನು ನೋಡಿ, ಹಿಂದೆ ಮಗ ಇದ್ದಾನೇನೋ ಎಂದು ಬಾಗಿಲ ಕಡೆ ನೋಡಿದರು.

"ಒಬ್ರೇ ಬಂದ್ರಾ?"

"ಒಬ್ಳೇ. ನನ್ನ ಕಾಯಿಲೆ ಹೆಸರು ಹೇಳಿ."

"ನಿಮ್ಮ ಮಗ ಹೇಳೋದು ಬೇಡ ಅಂದಿದಾರಮ್ಮ."

"ಎದೆ ಅವನದಾ, ನಂದಾ?" ಎಂದೆ.

ಪಕ್ಕದಲ್ಲಿದ್ದ ನರ್ಸಮ್ಮ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು.

ಮೀಸೋಥೀಲಿಯೋಮಾ. ಮೂರು ಸಲ ಹೇಳಿಸಿ ಬರೆದುಕೊಂಡೆ. ಶ್ವಾಸಕೋಶವನ್ನು ಸುತ್ತಿಕೊಂಡಿರುವ ತೆಳು ಪೊರೆಗೆ ಬರುವ ಕ್ಯಾನ್ಸರ್. ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ ಧೂಳಿನಿಂದ ಬರುವುದು. ಒಳಗೆ ಹೋದ ಮೂವತ್ತು ನಲವತ್ತು ವರ್ಷಗಳ ಮೇಲೆ ತಲೆ ಎತ್ತುತ್ತದಂತೆ. ಎಲ್ಲಿ ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ಫೈಲಿನಲ್ಲಿ ನಿನ್ನ ತಮ್ಮ "ಮನೆಯಲ್ಲೇ ಇರುವವರು" ಎಂದು ಬರೆಸಿದ್ದಾನೆ. ಅದನ್ನು ಹೊಡೆದುಹಾಕಿಸಿದೆ. ನಿಮ್ಮಪ್ಪ ಬಟ್ಟೆ ಮಿಲ್ಲಿನ ಬಾಯ್ಲರ್ ಮನೆಯಲ್ಲಿ ಬಿಸಿ ಕೊಳವೆಗಳಿಗೆ ಕಲ್ನಾರು ಸುತ್ತುತ್ತಿದ್ದರು, ಹಿಟ್ಟಿನಲ್ಲಿ ಹೊರಳಿದವರ ಹಾಗೆ ಬೆಳ್ಳಗೆ ಮನೆಗೆ ಬರುತ್ತಿದ್ದರು, ಆ ಬಟ್ಟೆ ಒಗೆದವಳು ನಾನು. ಅದನ್ನು ಹಾಗೇ ಬರೆಯಿರಿ ಎಂದೆ. ಬರೆದರು. ಒಗೆಯುವುದೂ ಕೆಲಸವೇ.

ಆಮೇಲೆ ಏನೇನು ದಾರಿ ಇದೆ ಎಂದು ಕೇಳಿದೆ. ಕೀಮೋ ಆದಮೇಲೆ ಮಾಡಿಸಲೇಬೇಕೆಂದು ನಿನ್ನ ತಮ್ಮ ಹಟ ಹಿಡಿದಿರುವ ದೊಡ್ಡ ಆಪರೇಷನ್ ಎಂದರೆ ಪಕ್ಕೆ ತೆರೆದು ಆ ಪೊರೆಯನ್ನು ಸುಲಿದು ತೆಗೆಯುವುದು. ಅದರಿಂದ ಹೆಚ್ಚು ದಿನ ಬದುಕುತ್ತೇನಾ ಎಂದು ಕೇಳಿದ್ದಕ್ಕೆ, ನನ್ನ ವಯಸ್ಸಿಗೆ ಹಾಗೆ ಮಾತು ಕೊಡಲಾಗದು, ಎದ್ದು ಓಡಾಡಲಿಕ್ಕೇ ತಿಂಗಳುಗಟ್ಟಲೆ ಬೇಕು ಎಂದರು. ಬೇಡ ಎಂದೆ. ಕೀಮೋ ಆಗಲಿ ಎಂದೆ. ಮೂರು ವಾರಕ್ಕೊಮ್ಮೆ, ನಾಲ್ಕು ಸಲ, ಆಮೇಲೆ ಸ್ಕ್ಯಾನ್. ಮೈಯೊಳಗಿನ ಕಾವಲನ್ನೇ ಎಬ್ಬಿಸಿ ಗೆಡ್ಡೆಯ ಮೇಲೆ ಬಿಡುವ ಹೊಸ ಔಷಧಿಯೂ ಇದೆಯಂತೆ, ಇಮ್ಯುನೋಥೆರಪಿ. ಅದು ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ. ನನಗೆ ಹೊಂದುತ್ತದೆಯೇ ಎಂದು ಡಾಕ್ಟರಮ್ಮ ಅಲ್ಲಿಗೆ ಬರೆದು ಕೇಳುತ್ತಾರೆ. ಇವುಗಳಲ್ಲಿ ಯಾವುದೂ ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ. ಅದನ್ನೂ ಅವರ ಬಾಯಿಂದಲೇ ಹೇಳಿಸಿದೆ.

ಎದೆಯಲ್ಲಿ ತುಂಬುವ ನೀರಿಗೆ ಒಳಗೆ ಪೌಡರ್ ಊದುತ್ತಾರಂತೆ. ಪೊರೆಗಳು ಒಂದಕ್ಕೊಂದು ಅಂಟಿಕೊಂಡು ನೀರಿಗೆ ಜಾಗವೇ ಇಲ್ಲದಂತಾಗುತ್ತದೆ. ನನಗೆ ನಗು ತಡೆಯಲಾಗಲಿಲ್ಲ. "ಧೂಳು ಹೊಕ್ಕೇ ಇಷ್ಟೆಲ್ಲ ಆಯ್ತು, ಈಗ ನೀವೂ ಧೂಳೇ ಹಾಕ್ತೀರಾ ಡಾಕ್ಟ್ರೇ?" ಎಂದೆ. "ಇದು ಬೇರೆ ಕಣಮ್ಮ, ಒಳ್ಳೇ ವಿಧಾನಾನೇ" ಎಂದು ಅವರೂ ನಕ್ಕರು. ಒಳ್ಳೆಯದೇ ಇರಬಹುದು. ಆದರೆ ಇನ್ನೊಂದು ಚಿಟಿಕೆ ಪುಡಿಯನ್ನೂ ನನ್ನ ಎದೆಗೆ ಬಿಟ್ಟುಕೊಳ್ಳಲಾರೆ. ಪಕ್ಕೆಯಲ್ಲಿ ಸಣ್ಣ ನಳಿಕೆ ಕೂಡಿಸಿ, ವಾರಕ್ಕೆ ಎರಡು ಮೂರು ಸಲ ಮನೆಯಲ್ಲೇ ಬಾಟಲಿಗೆ ನೀರು ಇಳಿಸುವ ಇನ್ನೊಂದು ಉಪಾಯವಿದೆ. ಅದಕ್ಕೆ ಒಪ್ಪಿದೆ.

ಸಂಜೆ ನಿನ್ನ ತಮ್ಮನ ಮುಂದೆ ಟೀ ಇಟ್ಟು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಹೆಸರನ್ನು ಒಂದೇ ಉಸಿರಿಗೆ ಹೇಳಿದೆ. ಅವನ ಬಿಸ್ಕತ್ತು ಟೀಯಲ್ಲೇ ಮುಳುಗಿಹೋಯಿತು. "ಯಾರ್ ಹೇಳಿದ್ದು ನಿಂಗೆ?" ಎಂದ. "ತೋಳಿಗೆ ಚುಚ್ಚಿಸಿದ್ಯಲ್ಲ, ಆ ಸೂಜಿ ಹೇಳ್ತು" ಎಂದೆ. "ನಿನ್ನ ಒಳ್ಳೇದಕ್ಕೇ ಅಮ್ಮಾ" ಎಂದು ಅತ್ತ. ಬೆನ್ನು ಸವರಿದೆ. ಆದರೆ ಫೈಲು ತಂದು ಕೈಗೆ ಕೊಡುವವರೆಗೆ ಬಿಡಲಿಲ್ಲ.

ಇಷ್ಟು ಹಟ ಯಾಕೆ ಎನ್ನುತ್ತೀಯ. ಶ್ವಾಸಕೋಶದ ಕ್ಯಾನ್ಸರ್ ಇದ್ದ ನಿಮ್ಮಪ್ಪನಿಗೆ "ಹಳೇ ಕಫ, ಬೇಸಿಗೆ ಬಂದ್ರೆ ಹೋಗುತ್ತೆ" ಎಂದು ಹನ್ನೊಂದು ತಿಂಗಳು ಹೇಳಿದೆ. ನೀವು ಹೇಳಿಸಿದಿರಿ ಎಂದು ನಿಮ್ಮ ತಲೆಗೆ ಕಟ್ಟುವುದಿಲ್ಲ, ಆಡಿದ ನಾಲಿಗೆ ನನ್ನದು. ದೊಡ್ಡಪ್ಪನ ಜೊತೆ ಅವರು ಮಾತು ಬಿಟ್ಟು ಹದಿನಾರು ವರ್ಷವಾಗಿತ್ತಲ್ಲ. "ಈ ಕೆಮ್ಮೊಂದು ಹೋಗ್ಲಿ, ಅಣ್ಣನ ಮನೆಗೆ ಹೋಗ್ಬರ್ತೀನಿ. ಕೆಮ್ಕೊಂಡು ಹೋದ್ರೆ ಅಯ್ಯೋ ಪಾಪ ಅಂತಾನೆ, ಅದು ಬೇಡ" ಎನ್ನುತ್ತಿದ್ದರು. ಇವತ್ತೇ ಹೋಗಿ ಬನ್ನಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅಂದಿದ್ದರೆ ಗುಟ್ಟು ರಟ್ಟಾಗುತ್ತಿತ್ತು. ದೊಡ್ಡಪ್ಪ ಬಂದದ್ದು ಹೆಣ ನೋಡಲು. ಬಾಗಿಲಲ್ಲಿ ನಿಂತು "ನೀನಾದ್ರೂ ಒಂದು ಮಾತು ತಿಳಿಸ್ಬಾರ್ದಿತ್ತಾ ತಾಯಿ" ಎಂದು ಕೇಳಿದರು. ಆ ದಿನದ ಹಾಳೆ ಡೈರಿಯಲ್ಲಿ ಇವತ್ತಿಗೂ ಖಾಲಿ ಇದೆ.

ಆದ್ದರಿಂದ ಕೇಳು. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಮೊದಲ ಕೀಮೋ ಮುಗಿದಿರುತ್ತದೆ. ಸಹಿ ನಾನೇ ಹಾಕಿದ್ದೇನೆ. ಸ್ಕ್ಯಾನಿನಲ್ಲಿ ಏನೇ ಬರಲಿ, ಮೊದಲು ನನಗೆ ಹೇಳಬೇಕು. ನಾನು ಸಾಕು ಎಂದ ದಿನ ಸಾಕು. ಅಲ್ಲಿಯವರೆಗೆ ಈ ಕಾಯಿಲೆ ನನ್ನನ್ನು ಸುಮ್ಮನೆ ಎತ್ತಿಕೊಂಡು ಹೋಗಲಿಕ್ಕಾಗುವುದಿಲ್ಲ. ಬಾಗಿಲಲ್ಲಿ ಕಾಯಲಿ, ಅದರ ಕಾಲೂ ಸ್ವಲ್ಪ ನೋಯಲಿ.

ನೀನು ಬರುವುದಾದರೆ ಅಳುವುದಕ್ಕೆ ಬರಬೇಡ. ನಳಿಕೆಯಿಂದ ನೀರು ಇಳಿಸುವುದನ್ನು ನರ್ಸಮ್ಮ ಕಲಿಸುತ್ತಾಳೆ, ಕಲಿಯುವುದಕ್ಕೆ ಬಾ. ನಿನ್ನ ತಮ್ಮನಿಗೆ ಬಾಟಲಿ ನೋಡಿದರೇ ತಲೆ ಸುತ್ತುತ್ತದೆ.

ಕೆಮ್ಮೂ ಬಿಡದ, ಜಗಳವೂ ಬಿಡದ
ನಿನ್ನ ಅಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನ ತಮ್ಮ ಕೈಗೂಸಾಗಿದ್ದ ಎರಡು ವರ್ಷ, ಒಗೆಯುವ ಮೊದಲು ಅಪ್ಪನ ಅಂಗಿಯ ಧೂಳು ಒದರುವ ಕೆಲಸವನ್ನು ನಿನಗೆ ಹಚ್ಚಿದ್ದೆ. ನಿನಗಾಗ ಎಂಟು ವರ್ಷ. "ಜೋರಾಗಿ ಒದರೇ" ಎಂದು ಒಳಗಿನಿಂದ ಕೂಗುತ್ತಿದ್ದವಳು ನಾನು. ಡಾಕ್ಟರಮ್ಮನನ್ನು ಕೇಳಿದೆ. ಹಾಗೆ ಮುಟ್ಟಿದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಆದರೆ ನಿಮ್ಮ ಮಗಳ ಡಾಕ್ಟರಿಗೆ ವಿಷಯ ತಿಳಿದಿರಲಿ, ಉಸಿರು ಕಟ್ಟಿದರೆ, ಪಕ್ಕೆ ನೋವು ಬಂದರೆ ತಡಮಾಡದೆ ತೋರಿಸಲಿ ಎಂದರು. ಈ ವಾರವೇ ಹೋಗಿ ಹೇಳು. ಅವರು ಏನಂದರು ಎಂದು ನನಗೆ ಬರೆ. ಬೈಯಬೇಕು ಅನಿಸಿದರೆ ಬೈದೇ ಬರೆ, ಪೂರ್ತಿ ಓದುತ್ತೇನೆ.