ಬಿಡುಸಿರು ಮತ್ತು ಭೋಜನಶಾಲೆಯ ಬೀಗ

ತೇಲುಗಟ್ಟೆ, ಅಳಿವೆಪೇಟೆಯ ನೆತ್ತಿಯ ಮೇಲೆ
ಎರಡನೆಯ ಮುಳುಗಡೆಯ ನಂತರದ ಅರುವತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳು, ಗಾಳಿ ಬಿದ್ದ ವಾರ

ಹಿಂದಿನವರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಿಮ್ಮ ಹನ್ನೆರಡು ತಿಂಗಳುಗಳಲ್ಲಿ ನಮ್ಮ ಮಳೆ ಹಿಡಿಸದೆ ಹೋದಾಗ ನಾವು ಇನ್ನೊಂದನ್ನು ಸೇರಿಸಿಕೊಂಡೆವು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳುವುದು ಹಿಂದೋಲೆ ಬರೆಯುವವರ, ಎಂದರೆ ಕಳೆದ ಕಾಲಕ್ಕೆ ಕಾಗದ ಹಾಕುವವರ ವಾಡಿಕೆ. ಕೇಳಿದ್ದೇನೆ ಎಂದುಕೊಳ್ಳಿ. ಇತ್ತ ಕ್ಷೇಮವಿಲ್ಲ, ಅತ್ತ ನಿಮ್ಮ ಕ್ಷೇಮ ವಿಚಾರಿಸುವ ಮನಸ್ಸೂ ನನಗಿಲ್ಲ. ನಿಮ್ಮಿಂದ ಒಂದು ಬೀಗ ತೆಗೆಸಬೇಕಾಗಿದೆ. ಆ ಬೀಗ ಬಿದ್ದ ಬಾಗಿಲಿನ ಒಳಬದಿಯಲ್ಲಿ ನನ್ನ ತಂಗಿ ನರ್ಸಿ ಸತ್ತಳು.

ನನ್ನ ಹೆಸರು ಶೇಷಿ. ನೀವು ಮುಳುಗಿಸಿ ಹೋದ ಪೇಟೆಗೆ ಇಳಿದು ತಾಮ್ರ, ಗಾಜು, ಸ್ಟೀಲು ಎತ್ತಿ ತರುವವರು ನಾವು. ಇಳಿಯುವವರು ಸುತ್ತುಸಿರು ಕಟ್ಟಿಕೊಳ್ಳುತ್ತಾರೆ. ಬಿಟ್ಟ ಉಸಿರನ್ನು ನೀರಿಗೆ ಚೆಲ್ಲದೆ, ಸುಣ್ಣದ ಡಬ್ಬಿಯಲ್ಲಿ ತೊಳೆದು, ಚೂರು ಆಮ್ಲಜನಕ ಬೆರೆಸಿ ಮತ್ತೆ ಬಾಯಿಗೆ ಕೊಡುವ ಯಂತ್ರ ಅದು. ಗಾಳಿ ತುಂಬುವ ಪಂಪು ನಾವಿರುವ ಇಡೀ ತೇಲುಗಟ್ಟೆಗೆ ಒಂದೇ, ಅದೂ ಬಿಸಿಲಿದ್ದರೆ ಮಾತ್ರ ತಿರುಗುತ್ತದೆ. ಹಾಗಾಗಿ ಉಸಿರನ್ನೂ ಎರಡೆರಡು ಸಲ ಬಳಸುತ್ತೇವೆ. ಆದರೆ ಸುಣ್ಣ ದಣಿದರೆ ಅಥವಾ ಡಬ್ಬಿಗೆ ನೀರು ನುಗ್ಗಿದರೆ ನಾವು ಬಿಟ್ಟ ವಿಷವೇ ನಮಗೆ ತಿರುಗಿ ಬರುತ್ತದೆ. ಆಗ ಸುತ್ತನ್ನು ಬಿಟ್ಟು ಬೇರೆ ಬುಡ್ಡಿಯ ಹೊಸ ಗಾಳಿ ಎಳೆಯಬೇಕು. ಅದಕ್ಕೆ ಬಿಡುಸಿರು ಎನ್ನುತ್ತೇವೆ. ಅದನ್ನು ಕಟ್ಟಿಕೊಡುವುದು ನನ್ನ ಕೆಲಸ.

ಕಟ್ಟುವ ಬಗೆಯನ್ನು ಹೇಳುತ್ತೇನೆ. ನಿಮಗೆ ತಿಳಿಯಲಿ ಎಂದಲ್ಲ, ನಾನು ಕೆಲಸದಲ್ಲಿ ಕಳ್ಳಾಟ ಆಡಿದವಳಲ್ಲ ಎಂದು ತಿಳಿಯಲಿ ಎಂದು. ಎಡ ಪಕ್ಕೆಗೆ ಬುಡ್ಡಿ, ಮೇಲೊಂದು ಕೆಳಗೊಂದು ಕೊಕ್ಕೆ. ಒಳಗಿನ ಗಾಳಿಯನ್ನು ಅಳೆದು ನೋಡದೆ ಕಟ್ಟುವ ಹಾಗಿಲ್ಲ. ಅದು ಎಷ್ಟು ಆಳದವರೆಗೆ ಉಸಿರಾಡಲು ಯೋಗ್ಯ ಎಂದು ಬುಡ್ಡಿಯ ಮೈಮೇಲೆ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಎಷ್ಟು ತುಂಬಬೇಕು ಎಂಬ ಲೆಕ್ಕವನ್ನು ಧೈರ್ಯವಂತರ ಉಸಿರಿನಿಂದ ಹಾಕಬಾರದು. ಹೆದರಿದವರು ಮೂರು ಜನರ ಗಾಳಿಯನ್ನು ಒಬ್ಬರೇ ಕುಡಿಯುತ್ತಾರೆ. ಹೊರದಾರಿಯ ಉದ್ದಕ್ಕೂ ಅವರು ಹೆದರಿಯೇ ಇರುತ್ತಾರೆ ಎಂದು ಎಣಿಸಿ ತುಂಬಬೇಕು. ಬಹುಮುಖ್ಯವಾದದ್ದು ಬಾಯಿಯ ಬಳಿಯ ತಿರುಗಣಿ. ವಿಷ ಏರಿದವರು ಏದುಸಿರು ಬಿಡುತ್ತಿರುತ್ತಾರೆ, ಒಂದು ಬಾಯಿತುಂಡು ಕಿತ್ತು ಇನ್ನೊಂದನ್ನು ಹುಡುಕುವಷ್ಟು ವ್ಯವಧಾನ ಅವರಿಗಿರುವುದಿಲ್ಲ. ಆದ್ದರಿಂದ ಬುಡ್ಡಿಯ ಕೊಳವೆಯನ್ನು ಅದೇ ಬಾಯಿತುಂಡಿಗೆ ಜೋಡಿಸಿ, ಬುಡ್ಡಿಯ ಕೀಲನ್ನು ತೆರೆದೇ ಇಡುತ್ತೇನೆ. ತಿರುಗಣಿಯನ್ನು ಒಂದು ಸಲ ತಿರುಗಿಸಿದರೆ ಸಾಕು, ಹಳೆಯ ಉಸಿರು ಮುಚ್ಚಿ ಹೊಸದು ತೆರೆಯುತ್ತದೆ. ಕಣ್ಣು ಕಟ್ಟಿ ಬೆರಳುಗಳಿಗೆ ಇದನ್ನು ಕಲಿಸಿದ ಮೇಲೆಯೇ ನಾನು ಯಾರನ್ನಾದರೂ ನೀರಿಗೆ ಬಿಡುವುದು.

ಇದನ್ನೆಲ್ಲ ಹಾಳು ಮಾಡಿದ್ದು ಸನ್ಮಾನ. ನಿಮ್ಮಿಂದ ನಮಗೆ ಉಳಿದಿರುವ ಕಲೆ ಅದೊಂದೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಬುಡ್ಡಿ ತುಂಬಿಯೇ ಮರಳಿದರೆ ಪಂಪಿನ ಒಂದು ದಿನದ ಬಿಸಿಲು ಉಳಿಯಿತೆಂದು ನಮ್ಮ ಮುಖ್ಯಸ್ಥ ಮಾದೇವ ತಾಂಡೇಲ ಒಂದು ಪದ್ಧತಿ ತಂದ. ತಿರುಗಿಸಿದರೆ ಹರಿಯುವ ಹಾಗೆ ತಿರುಗಣಿಗೆ ಅರಿಶಿನದ ದಾರ ಕಟ್ಟುವುದು. ದಾರ ಹರಿಯದೆ ಮೇಲೆ ಬಂದವರನ್ನು ಎಲ್ಲರೆದುರು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಹಾರ ಹಾಕಿ, ಕೈಗೊಂದು ಸ್ಮರಣಿಕೆ ಕೊಡುವುದು. ಸ್ಮರಣಿಕೆಗಳೂ ನಿಮ್ಮವೇ. ನಿಮ್ಮ ಮನೆಗಳ ಕಪಾಟುಗಳಲ್ಲಿ ಕೊಳೆಯದೆ ಉಳಿದಿರುವುದು ಅವು ಮಾತ್ರ. ಇನ್ಯಾರದೋ ಹೆಸರು ಕೊರೆದ ಪ್ಲಾಸ್ಟಿಕ್ ಫಲಕವನ್ನು ಎದೆಗವಚಿಕೊಂಡು ನಮ್ಮ ಜನ ಆನಂದಬಾಷ್ಪ ಸುರಿಸುತ್ತಾರೆ. ದಾರ ಹರಿದು ಬಂದವರಿಗೆ ತಟ್ಟೆ ಬಡಿದು ಸ್ವಾಗತ. ನಾನು ಜಗಳ ಮಾಡಿದೆ. ತಾಂಡೇಲ ನಕ್ಕ. "ಒಂದ್ ನೂಲ್, ಎಳ್ದ್ರೆ ಹರಿತ್ತ್. ಅದ್ರಿಂದ ಯಾರ್ ಸಾಯ್ತ್ರ್ ಮಾರಾಯ್ತಿ?" ಎಂದ.

ಅವನನ್ನು ಮಾತ್ರ ಬೈದು ಪ್ರಯೋಜನವಿಲ್ಲ, ಬೀಜ ನಿಮ್ಮದು. ನಿಮ್ಮ ಪೇಟೆಯನ್ನು ನಾನು ಕೋಣೆ ಕೋಣೆಯಾಗಿ ಬಲ್ಲೆ. ಬೆಂಕಿ ಆರಿಸುವ ಕೆಂಪು ಬುಡ್ಡಿಗಳ ಮೇಲೆ ಆಯುಧಪೂಜೆಯ ಪ್ಲಾಸ್ಟಿಕ್ ಹಾರ ಇನ್ನೂ ಇದೆ, ಪಿನ್ನು ಒಂದರಲ್ಲೂ ಕಿತ್ತಿಲ್ಲ. ದೋಣಿಗಳ ಜೀವರಕ್ಷಕ ಅಂಗಿಗಳು ಕೊಳೆಯಾದಾವೆಂದು ಪೆಟ್ಟಿಗೆಯೊಳಗೆ, ಪೆಟ್ಟಿಗೆಗೆ ಬೀಗ. ಹೆಲ್ಮೆಟ್ಟುಗಳಿಗೆ ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇದೆ. ಆಪತ್ತಿಗೆಂದು ಇಟ್ಟದ್ದನ್ನು ಆಪತ್ತಿನಲ್ಲಿ ಮುಟ್ಟದಿರುವುದೇ ದೊಡ್ಡಸ್ತಿಕೆ ಎಂದು ನಿಮಗೆ ಕಲಿಸಿದವರು ಯಾರು? ಕೋಟೆ ಸೂರೆಹೋದ ಮೇಲಾದರೂ ದಿಡ್ಡಿ ಬಾಗಿಲು ಹಾಕಿದರಂತೆ ಹಿಂದಿನ ದಡ್ಡರು. ನೀವು ಸೂರೆಗೆ ಮೊದಲೇ ಹಾಕಿದಿರಿ, ಒಳಗಿದ್ದವರು ಹೊರಗೆ ಹೋಗದ ಹಾಗೆ.

ನರ್ಸಿಗೆ ಒಂದೂ ಶಾಲು ಸಿಕ್ಕಿರಲಿಲ್ಲ. ಅವಳದು ಸಣ್ಣ ಎದೆ, ಬೇಗ ಏದುಸಿರು. ಎರಡು ಸಲ ದಾರ ಹರಿದು ಬಂದು ತಟ್ಟೆ ಬಡಿಸಿಕೊಂಡಿದ್ದಳು. ಅದೇ ಅವಳನ್ನು ಎರಡು ಸಲ ಬದುಕಿಸಿದ್ದು ಎಂದು ನಾನು ಹೇಳಿದರೆ ಮುಖ ತಿರುಗಿಸುತ್ತಿದ್ದಳು. ಆ ಬೆಳಿಗ್ಗೆ ನಾನು ಕೊಕ್ಕೆ ಸಿಕ್ಕಿಸುತ್ತಿದ್ದಾಗ, "ಅಕ್ಕ, ಈ ಸಲ ಶಾಲ್ ನಂದೇ ಕಾಣ್. ನೀ ಚಪ್ಪಾಳೆ ತಟ್ಟುಕೆ ಬಾ" ಎಂದಳು. "ಶಾಲ್ ಹೊದ್ಕಂಡ್ ಎಂತ ಮಾಡ್ತೆ ಈ ಸೆಕೆಗೆ?" ಎಂದು ನಾನು ಗದರಿದೆ. ಇಬ್ಬರೂ ನಕ್ಕೆವು. ನನ್ನ ಹಿಂದೆಯೇ ತಾಂಡೇಲ ಬಂದು ದಾರ ಕಟ್ಟಿದ.

ಇಳಿದದ್ದು ಬಸ್ ನಿಲ್ದಾಣದ ಹಿಂದಿನ ಮಂಗಳಾಕ್ಷತೆ ಕಲ್ಯಾಣ ಮಂಟಪಕ್ಕೆ. ನೆಲದ ಕೆಳಗೆ ಅದರ ಭೋಜನಶಾಲೆ. ಜೊತೆಗಾರ ಕುಪ್ಪ ಮೇಲಿನ ಮೆಟ್ಟಿಲ ಬಳಿ ಹಗ್ಗ ಹಿಡಿದು ನಿಂತ. ನರ್ಸಿ ಚೀಲ ತುಂಬಿಸುತ್ತ ತುದಿಯವರೆಗೆ ಹೋದಾಗ ಡಬ್ಬಿಗೆ ನೀರು ನುಗ್ಗಿತು. ಬಂದ ದಾರಿ ಉದ್ದ. ಎದುರಿಗೇ ಗೋಡೆಯ ಮೇಲೆ ಓಡುವ ಮನುಷ್ಯನ ಹಸಿರು ಚಿತ್ರ, ಅದರ ಕೆಳಗೆ ತುರ್ತು ಬಾಗಿಲು. ಅದನ್ನು ದೂಡಿದರೆ ಹೊರಮೆಟ್ಟಿಲ ಮೇಲಿನ ತೆರೆದ ನೀರು, ನೇರ ಮೇಲಕ್ಕೆ. ದಾರ ಹರಿಯದೆಯೇ ಮುಟ್ಟಿಬಿಡುವಷ್ಟು ಹತ್ತಿರ. ಅವಳು ನಿಮ್ಮ ಚಿತ್ರವನ್ನು ನಂಬಿದಳು. ಬಾಗಿಲಿಗೆ ಸ್ಟೀಲಿನ ಸರಪಳಿ ಸುತ್ತಿ ಹಿತ್ತಾಳೆಯ ಬೀಗ ಹಾಕಿತ್ತು. ಅವಳ ದೀಪ ಒಂದೇ ಕಡೆ ಅಲುಗಾಡುವುದನ್ನು ಕಂಡು ಕುಪ್ಪ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಕೈ ತಿರ್ಗಣಿ ಮೇಲೇ ಇದ್ದಿತ್ತ್ ಶೇಷಕ್ಕ. ತಿರ್ಗ್ಸುಕೆ ಎಂತ ದಾಡಿ ಅದ್ಕೆ?" ಎಂದು ಅವನು ಅತ್ತ. ಬುಡ್ಡಿ ನಾನು ತುಂಬಿದಷ್ಟೇ ತುಂಬಿತ್ತು. ಮೂರು ಜನರ ಗಾಳಿ.

ತಾಂಡೇಲ ಅವಳ ಕತ್ತಿನ ಬಳಿ ಬಗ್ಗಿ ನೋಡಿ, "ದಾರ ಹರ್ದಿಲ್ಲೆ ಕಾಣಿ! ಗಟ್ಟಿಗಿತ್ತಿ ಹೆಣ್ಣ್" ಎಂದ. ಹೆಣವನ್ನು ಕುರ್ಚಿಯಲ್ಲಿ ಕೂರಿಸಿದರು. ಶಾಲು ಹೊದಿಸಿದರು. ಅವಳದೇ ಚೀಲದಲ್ಲಿ ಸಿಕ್ಕ ಹೊಸ ಸ್ಮರಣಿಕೆಯನ್ನು ತೊಡೆಯ ಮೇಲಿಟ್ಟರು. ಅದರ ಮೇಲೆ ಹೀಗೆ ಕೊರೆದಿತ್ತು: 'ದಕ್ಷ ವ್ಯವಸ್ಥಾಪಕ ಶ್ರೀ ಪದ್ಮಯ್ಯನವರಿಗೆ, ಮಂಗಳಾಕ್ಷತೆ ಬಳಗದಿಂದ.' ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಲು ಬಾ ಎಂದು ನರ್ಸಿ ನನ್ನನ್ನೂ ಕರೆದಿದ್ದಳಲ್ಲ. ನಾನು ಚಾಕು ತೆಗೆದುಕೊಂಡು ಹೋಗಿ ಸುತ್ತುಸಿರು ಇಡುವ ಕೋಣೆಯಲ್ಲಿದ್ದ ಎಲ್ಲ ತಿರುಗಣಿಗಳ ದಾರ ಕತ್ತರಿಸಿದೆ. ಮರುದಿನ ತಾಂಡೇಲ ಮತ್ತೆ ಕಟ್ಟಿದ. ನಾನು ಮತ್ತೆ ಕತ್ತರಿಸಿದೆ. ಈಗ ಅದೇ ನಮ್ಮಿಬ್ಬರ ದಿನಚರಿ.

ಆಮೇಲೆ ನಾನೇ ಇಳಿದು ಸರಪಳಿ ತುಂಡರಿಸಿ ಬೀಗ ತಂದೆ. ಬಾಗಿಲಿನ ಹೊರಬದಿಯಲ್ಲಿ ತಗಡಿನ ಹಲಗೆಯೊಂದಿತ್ತು: 'ಊಟಕ್ಕೆ ಮುಂಬಾಗಿಲಿನಿಂದಲೇ ಬರತಕ್ಕದ್ದು.' ಕರೆಯದವರು ಹಿಂದಿನಿಂದ ನುಗ್ಗಿ ಉಂಡುಬಿಟ್ಟಾರೆಂಬ ಚಿಂತೆ! ನಾಲ್ಕು ಎಲೆ ಪಾಯಸ ಉಳಿಸಲು ಹಾಕಿದ ಬೀಗಕ್ಕೆ ನನ್ನ ತಂಗಿ ಬಲಿಯಾದಳು. ನಿಮ್ಮನ್ನು ಕ್ರೂರಿಗಳು ಎನ್ನಲಾರೆ, ಕ್ರೌರ್ಯಕ್ಕೆ ಒಂದಿಷ್ಟು ಯೋಚನೆಯಾದರೂ ಬೇಕು.

ಸಮುದ್ರವನ್ನು ತಡೆಯಿರಿ ಎಂದು ನಾನು ಕೇಳುವುದಿಲ್ಲ, ಅದು ನಿಮ್ಮ ಯೋಗ್ಯತೆಗೆ ಮೀರಿದ್ದು. ಅಳಿವೆಪೇಟೆಗೆ ಹೋಗಿ. ಮದುವೆ ಇರುವ ದಿನವೇ ಹೋಗಿ, ಬೇಕಿದ್ದರೆ ಉಂಡು ಬನ್ನಿ. ಪದ್ಮಯ್ಯನವರ ಬಳಿ ಕೀಲಿಕೈ ಕೇಳಿ, ಕೊಡದಿದ್ದರೆ ಬೀಗ ಒಡೆಯಿರಿ. ಅಷ್ಟೇ ಕೆಲಸ. ಅದನ್ನು ಮಾಡಿದವರಿಗೆ ಒಂದು ಶಾಲು ಹೊದಿಸಬೇಕೆಂದರೆ ಅದನ್ನೂ ಕಳಿಸಿಕೊಡುತ್ತೇನೆ. ನರ್ಸಿಯದು ನನ್ನ ಬಳಿಯೇ ಇದೆ.

ಹಿಂದೋಲೆಯ ವಿಷಯದಲ್ಲಿ ಒಂದು ಅನುಕೂಲವಿದೆ. ಉತ್ತರಕ್ಕೆ ಕಾಯಬೇಕಾಗಿಲ್ಲ. ಇದನ್ನು ನೀವು ಓದಿ ಎಷ್ಟೋ ಕಾಲವಾಯಿತು. ನಿಮ್ಮಲ್ಲಿ ಒಬ್ಬರಾದರೂ ಎದ್ದು ಹೋಗಿದ್ದರೆ, ಈ ಕಾಗದ ಹಾರದಿರಲೆಂದು ಇದರ ಮೇಲೆ ನಾನು ಇಟ್ಟಿರುವ ಬೀಗ ಇಲ್ಲಿ ಇರುತ್ತಲೇ ಇರಲಿಲ್ಲ, ನರ್ಸಿ ಹೊರಗಿನಿಂದ ನನ್ನನ್ನು ಕೂಗುತ್ತಿದ್ದಳು. ಕೊನೆಯ ಸಾಲು ಬರೆಯುವ ಮೊದಲು ತಲೆಯೆತ್ತಿ ನೋಡಿದೆ.

ಬೀಗ ಇಲ್ಲೇ ಇದೆ.

ಶೇಷಿ