ಎಡಗಲ್ಲ ಬಿಸಿಯಾದರೆ ಒಂಬತ್ತು ಗಂಟೆ

ಅತ್ಯಾ,

ನಿನ್ನ ತಮ್ಮನ ಮಗ ಬಸವರಾಜ ಮಾತಾಡುತ್ತಿದ್ದೇನೆ. ಹೆಸರು ಹೇಳದೆ ಶುರು ಮಾಡಿದರೆ ನಿನಗೆ ಆಗುತ್ತಿರಲಿಲ್ಲ. "ಟೇಪಿನ್ಯಾಗ ಎಲ್ಲಾರ ದನಿನೂ ಒಂದ ಆಗತೈತಿ, ಮೊದಲ ಹೆಸರ ಹೇಳು" ಅನ್ನುತ್ತಿದ್ದೆ. ಕಣ್ಣಿಗೆ ಮೋತಿಬಿಂದುವಿನ ಪೊರೆ ಬಂದ ಮೇಲೆ ನಿನಗೆ ಕಾಗದ ಓದಲು ಆಗುತ್ತಿರಲಿಲ್ಲ. ಹಾಗಾಗಿ ರಾಯಪುರಕ್ಕೆ ಹೋದ ಹೊಸದರಲ್ಲಿ ರಾತ್ರಿ ಲಾರಿಗಳ ಹಾರ್ನಿನ ನಡುವೆ ಕ್ಯಾಸೆಟ್ಟಿನಲ್ಲೇ ಮಾತಾಡಿ ಕಳಿಸುತ್ತಿದ್ದೆ. ಇವತ್ತು ಹಾಗಲ್ಲ. ಇವತ್ತು ಸಂಕ್ರಾಂತಿ, ಬೆಳಿಗ್ಗೆ ಎಂಟೂವರೆ. ನಾಗಪುರದ ಪ್ರತಾಪ ನಗರದ ನಿನ್ನ ಮನೆಯ ಹಿಂದಿನ ಜಗಲಿಯಲ್ಲಿ, ನಿನ್ನ ಬಿಸಿಲಿನ ಖೋಲಿಯಲ್ಲಿ ಕೂತಿದ್ದೇನೆ. ಎದುರಿಗೆ ಮಾಮಾ ಪೇಪರು ಓದುತ್ತಿದ್ದಾರೆ. ಅಂದರೆ ಪೇಪರು ಹಿಡಿದುಕೊಂಡು ನನ್ನ ಮಾತು ಕೇಳುತ್ತಿದ್ದಾರೆ. ಟೇಪು ಸಿಕ್ಕಿಕೊಂಡರೆ ಕಷ್ಟ ಎಂದು ಹೇಳಿದ್ದನ್ನೆಲ್ಲ ಆಮೇಲೆ ಕಾಗದಕ್ಕೂ ಇಳಿಸುತ್ತೇನೆ. ಈಗ ನಿನಗೆ ಯಾವುದು ಸುಲಭವೋ ನನಗೇನು ಗೊತ್ತು?

ನಾನು ಗದಗಿನಿಂದ ಬಂದ ಮೊದಲ ದಿನ ನೆನಪಿದೆಯಾ? ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದೆ. ನಿನಗೆ ಆಗಲೇ ಮುಖಗಳು ಕಾಣುತ್ತಿರಲಿಲ್ಲ, ಬೆಳಕು ನೆರಳು ಅಷ್ಟೇ. ಆದರೂ ನೀನು ಕಾಲಿನಿಂದ ತಡವಿ ನೋಡಿ ಮಾಮಾನಿಗೆ ಹೇಳಿದೆ: "ಇವನ ಚಪ್ಪಲಿ ನೋಡ್ರಿ, ಬರೂಕಿಂತ ಮೊದಲ ಹೊರಗ ಮಾರಿ ಮಾಡಿ ನಿಂತಾವು." ಸುಳ್ಳೇನಲ್ಲ. ಧರಮಪೇಠದ ಔಷಧಿ ಅಂಗಡಿ ಎರಡು ತಿಂಗಳಿಗೆ ಬೇಸರವಾಯಿತು. ಗೋದಾಮಿನಲ್ಲಿ ಚೀಲ ಎಣಿಸುವ ಕೆಲಸ ಅದಕ್ಕಿಂತ ಬೇಗ ಬೇಸರವಾಯಿತು. ಕಡೆಗೆ ಇಲ್ಲೇ ಊರಂಚಿನ ವಾಡಿಯಲ್ಲಿ ಲಾರಿ, ಜೀಪುಗಳಿಗೆ ಹುಡ್ ಹೊಲಿಯುವ ಉಸ್ತಾದರ ಹತ್ತಿರ ಸೇರಿದೆ. ತಾಡಪಾಲು, ರೆಗ್ಜಿನ್, ಮಳೆ ಬಂದರೆ ಜೀಪಿನ ಪಕ್ಕಕ್ಕೆ ಇಳಿಬಿಡುವ ಗಾಜಿನಂಥ ಪ್ಲಾಸ್ಟಿಕ್ ಪರದೆ. ಅಂಗಡಿಯಲ್ಲಿ ಅದಕ್ಕೆ ವಿನೈಲ್ ಅನ್ನುತ್ತಾರೆ. ಸಂಜೆ ಮನೆಗೆ ಬಂದರೆ ನೀನು ನನ್ನ ಕೈ ಮೂಸಿ, "ಬಂತು ನೋಡ್ರಿ ಹೊಸಾ ಬೂಟಿನ ಅಂಗಡಿ" ಅನ್ನುತ್ತಿದ್ದೆ.

ಆ ವರ್ಷ ದೀಪಾವಳಿ ಮುಗಿಯುತ್ತಿದ್ದ ಹಾಗೆ ಚಳಿಗಾಳಿ ಶುರುವಾಯಿತು. ನಿನಗೆ ಬಿಸಿಲು ಬೇಕು, ಗಾಳಿ ಬೇಡ. ಬಿಸಿಲಿದ್ದಲ್ಲಿ ಗಾಳಿ ಇರುತ್ತಿತ್ತು, ಗಾಳಿ ತಾಗಿದರೆ ದಮ್ಮು ಏಳುತ್ತಿತ್ತು. ಒಳಗೆ ಕೂತರೆ ಕತ್ತಲೆ. "ನನಗ ಉಳಿದದ್ದು ಬೆಳಕೊಂದ ನೋಡು, ಅದನ್ನೂ ಬಾಗಲಾ ಹಾಕಿ ಹೊರಗ ನಿಲ್ಲಸಬೇಕು" ಎಂದು ಒಂದು ದಿನ ನಗುತ್ತಲೇ ಹೇಳಿದೆ. ನನಗೆ ನಗು ಬರಲಿಲ್ಲ. ಅದೇ ವಾರ ಪಕ್ಕದ ಮನೆಯ ಮೈಸೂರಿನ ಅಮ್ಮ, ಏರ್‌ಫೋರ್ಸಿನವರ ಹೆಂಡತಿ, ಯಾವುದೋ ಫಾರಿನ್ ಪತ್ರಿಕೆ ತಂದು ನಿನ್ನ ಪಕ್ಕ ಕೂತು ಚಿತ್ರಗಳನ್ನು ಬಾಯಲ್ಲಿ ಹೇಳುತ್ತಿದ್ದರು.

"ಮನೆಗೆ ಅಂಟಿದ ಹಾಗೆ ಒಂದು ಗಾಜಿನ ರೂಮು ಕಣ್ರೀ. ಒಳಗೆ ಕೂತ್ರೂ ಹೊರಗೆ ಕೂತ ಹಾಗೇ ಇರುತ್ತಂತೆ."

"ಹಂಗಾರ ಹೊರಗ ಕುಂತ್ರ ಆತಲ್ಲರೀ?"

"ಅಲ್ಲೆಲ್ಲ ಹಿಮ ಬೀಳುತ್ತಲ್ಲಾ."

"ಇಲ್ಲಿ ದಮ್ಮು ಬೀಳತೈತಿ," ಎಂದೆ ನೀನು. ಆಮೇಲೆ ಪತ್ರಿಕೆಯ ಪುಟದ ಮೇಲೆ ಕೈಯಾಡಿಸಿ, "ಇನ್ನೊಮ್ಮೆ ಹೇಳ್ರಿ, ಬಿಸಲು ಎಲ್ಲಿಂದ ಬರತೈತಿ ಅದರಾಗ?" ಎಂದು ಕೇಳಿದೆ. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಆ ಖೋಲಿ ನಾನೇ ಕಟ್ಟುತ್ತೇನೆ ಅನ್ನಿಸಿದ್ದು ಆಗ. ಜನ್ಮದಲ್ಲಿ ಒಂದು ಕೆಲಸವನ್ನಾದರೂ ಪೂರ್ತಿ ಮಾಡಬೇಕು ಅಂತ…

ಕಟ್ಟಿದ ಆ ಎರಡು ಭಾನುವಾರಗಳು ನನ್ನ ಕಣ್ಣ ಮುಂದೇ ಇವೆ. ಜಗಲಿಗೆ ಮೇಲೆ ಸ್ಲ್ಯಾಬು ಇತ್ತು, ಮೂರು ಕಡೆ ಮೊಣಕಾಲೆತ್ತರದ ಗೋಡೆ. ಅದರ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ವಿನೈಲು ಎಳೆದು ಕಟ್ಟುತ್ತಿದ್ದೆ. ನೀನು ಕುರ್ಚಿ ಹಾಕಿಸಿಕೊಂಡು ಕೂತು ಕಿವಿಯಲ್ಲೇ ಮೇಲ್ವಿಚಾರಣೆ ಮಾಡುತ್ತಿದ್ದೆ.

"ಜೀಪಿನ ಪರದೆ ಹೆಂಗ ಸುತ್ತಿ ಮ್ಯಾಲ ಕಟ್ಟತಾರಲ್ಲ, ಹಂಗ ಮಾಡೋ."

"ಅತ್ಯಾ, ಇದು ಜೀಪ್ ಅಲ್ಲ, ಖೋಲಿ. ಏಕ್‌ದಮ್ ಪಕ್ಕಾ ಇರಬೇಕು."

"ಪಕ್ಕಾ ಗ್ವಾಡಿಗೂ ಕಿಡಕಿ ಇರತಾವಪಾ."

ನಾನು ಕೇಳಲಿಲ್ಲ. ದಿನವಿಡೀ ಸುತ್ತುವ ಪರದೆ ಹೊಲಿದು ಹೊಲಿದು ಅದು ನನಗೆ ಅಗ್ಗದ್ದಾಗಿ ಕಾಣುತ್ತಿತ್ತು. ಆ ಚಿತ್ರದಲ್ಲಿ ಪರದೆ ಇರಲಿಲ್ಲವಲ್ಲ! ನಾಲ್ಕೂ ಅಂಚಿಗೆ ಮರದ ಪಟ್ಟಿ ಕೊಟ್ಟು ಸ್ಕ್ರೂ ಬಿಗಿದೆ, ಸಂದುಗಳಿಗೆ ಅಂಟು ತುಂಬಿದೆ. ಇರುವೆ ಬರಬೇಕೆಂದರೂ ಅಡುಗೆಮನೆಯ ಬಾಗಿಲಿನಿಂದಲೇ ಬರಬೇಕು, ಹಾಗೆ.

ಮೊದಲ ಬೆಳಗು ನಿನ್ನನ್ನು ಕೈ ಹಿಡಿದು ಒಳಗೆ ಕೂರಿಸಿದೆ. ಮುಖ ದಕ್ಷಿಣಕ್ಕೆ. ಸ್ವೆಟರಿಲ್ಲ, ತಲೆಗೆ ಮಫ್ಲರಿಲ್ಲ. ಹೊರಗೆ ಪಕ್ಕದವರ ಪೇರಲ ಗಿಡ ಗಾಳಿಗೆ ಬಾಗುತ್ತಿತ್ತು, ನಿನ್ನ ಹಣೆಯ ಕೂದಲು ಅಲುಗಲಿಲ್ಲ. ನೀನು ಬಿಸಿಲಿಗೆ ಮುಖ ಒಡ್ಡಿ ಕೂತೆ. ಆಮೇಲೆ ಎಡಗೆನ್ನೆ ಮುಟ್ಟಿಕೊಂಡು, "ಎಡಗಲ್ಲ ಬಿಸಿ ಆತು. ಒಂಬತ್ತಾತೇನು?" ಎಂದೆ. ಗಡಿಯಾರ ನೋಡಿದರೆ ಒಂಬತ್ತಕ್ಕೆ ಐದು ನಿಮಿಷ ಇತ್ತು. ಅವತ್ತಿನಿಂದ ಮನೆಗೆ ನೀನೇ ಗಡಿಯಾರ. ಎಡಗೆನ್ನೆ ಬಿಸಿಯಾದರೆ ನನಗೆ ಅಂಗಡಿಯ ಹೊತ್ತು, ಮೂಗು ಬಿಸಿಯಾದರೆ ಮಾಮಾನ ಊಟ, ಬಲಗೆನ್ನೆ ಬಿಸಿಯಾದರೆ ಚಹಾ. ಮೋಡ ಬಂದ ದಿನ ಮಾತ್ರ ಮಾಮಾ ಕೇಳುತ್ತಿದ್ದರು, "ಇವತ್ತ ಗಡಿಯಾರಕ್ಕ ಕೀಲಿ ಕೊಟ್ಟಿಲ್ಲೇನ?"

ಹೋಳಿ ಬಂತು. ನಾಗಪುರದ ಬಿಸಿಲು ಏನೆಂದು ಗದಗಿನವನಿಗೆ ಹೇಗೆ ಗೊತ್ತಿರಬೇಕು? ಏಪ್ರಿಲಿನಲ್ಲಿ ನಿನ್ನ ಖೋಲಿಗೆ ಕಾಲಿಟ್ಟರೆ ತಂದೂರಿಗೆ ಕೈ ಇಟ್ಟ ಹಾಗಾಗುತ್ತಿತ್ತು. ಆ ಕಾವು ಅಲ್ಲೇ ಇರುತ್ತದಾ, ಅಡುಗೆಮನೆ ದಾಟಿ ನಿನ್ನ ಹಾಸಿಗೆಯವರೆಗೆ ಬರುತ್ತಿತ್ತು. ಮಾಮಾ ಒಂದು ಮಧ್ಯಾಹ್ನ ಹಪ್ಪಳ ತಂದು ಅಲ್ಲಿ ಇಟ್ಟು, "ನೋಡೂಣು, ಒಲಿ ಉಳಿತೈತೇನ" ಎಂದರು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಆ ದೊಡ್ಡ ತಪ್ಪು ಮಾಡಿದೆ.

ಕೂಲರು. ಹೋಳಿ ಆದ ಮೇಲೆ ಇಲ್ಲಿ ಮನೆಮನೆಗೂ ಕಿಟಕಿಗೆ ಕೂಲರು ಏರುತ್ತದೆ, ಲಾವಂಚದ ತಟ್ಟಿಗೆ ನೀರು ಬಿದ್ದು ಬೀದಿಯೆಲ್ಲ ಪರಿಮಳ. ನಾನು ಆ ವಿನೈಲಿನಲ್ಲಿ ಒಂದು ಚೌಕ ಕೊಯ್ದು ಮನೆಯ ಕೂಲರನ್ನು ಅದಕ್ಕೆ ಕೂರಿಸಿದೆ. ತಂಪು ಹೊರಗೆ ಹೋಗಬಾರದು ಎಂದು ಮನೆಯ ಕಿಟಕಿಗಳನ್ನೆಲ್ಲ ಒಂದೂ ಬಿಡದೆ ಮುಚ್ಚಿದೆ! ಇಲ್ಲಿನ ಸಣ್ಣ ಮಗುವಿಗೂ ಗೊತ್ತು, ಕೂಲರು ಹಚ್ಚಿದರೆ ಎದುರಿನ ಕಿಟಕಿ ತೆಗೆಯಬೇಕು, ಒದ್ದೆ ಗಾಳಿಗೆ ಹೊರಗೆ ಹೋಗಲು ದಾರಿ ಬೇಕು ಎಂದು. ಒಂದು ತಾಸು ತಂಪಾಗಿತ್ತು. ಆಮೇಲೆ ಹಾಳೆಯ ಒಳಮೈಗೆ ಹನಿ ಕಟ್ಟಿತು. ನಾಲ್ಕು ದಿನಕ್ಕೆ ಉಪ್ಪು ನೀರಾಯಿತು, ಬೆಂಕಿಕಡ್ಡಿ ಹೊತ್ತಲಿಲ್ಲ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಗೋಡೆಯ ಬುಡದಲ್ಲಿ ಕಪ್ಪು ಬೂಷ್ಟು ಬಂತು. ಮತ್ತೆ ನಿನ್ನ ಎದೆಯಲ್ಲಿ ದಮ್ಮಿನ ಆ ಸಿಳ್ಳು. ಮಾಮಾ ನಿನ್ನ ಬೆನ್ನು ನೀವುತ್ತಾ ನನ್ನ ಕಡೆ ತಿರುಗದೆ ಹೇಳಿದರು: "ಮನಷ್ಯಾನ್ನ ಪ್ಲಾಸ್ಟಿಕ್ ಚೀಲದೊಳಗ ಇಟ್ಟಂಗಾತು."

ಮುಂದಿನ ಭಾನುವಾರ ಸರಿ ಮಾಡುತ್ತೇನೆ ಎಂದೆ. ಮುಂದಿನ ಭಾನುವಾರ ನಾನು ರಾಯಪುರದಲ್ಲಿದ್ದೆ. ಅಲ್ಲಿ ಹುಡ್ ಹೊಲಿಯುವವರು ಬೇಕಾಗಿದ್ದರು ಎನ್ನುವುದು ನಿಜ. ಆದರೆ ನಾನು ಓಡಿದ್ದು ಅದಕ್ಕಲ್ಲ. ರಾತ್ರಿ ಆ ಸಿಳ್ಳು ಕೇಳುತ್ತಾ ಮಲಗಲು ಆಗಲಿಲ್ಲ, ಅತ್ಯಾ. ಹೊರಡುವಾಗ ನೀನು ಬಾಗಿಲವರೆಗೆ ಬಂದೆ. ಚಪ್ಪಲಿಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ರಾಯಪುರಕ್ಕೆ ನಿನ್ನ ಕ್ಯಾಸೆಟ್ಟು ಬಂದದ್ದು ಶ್ರಾವಣದಲ್ಲಿ. ಮೊದಲು ಮಾಮಾನ ಕೆಮ್ಮು, ಬಟನ್ನಿನ ಸದ್ದು, ಆಮೇಲೆ ನೀನು. "ನಾ ಸುಮಿತ್ರಾ ಮಾತಾಡಾಕತ್ತೀನಿ. ಬಸೂ, ಖೋಲಿ ಚಲೋ ಐತಿ. ಈಗ ಗಾಳಿ ಬರೋಬರ್ ಆಡತೈತಿ. ದಿನಾ ಮುಂಜಾನೆ ಅಲ್ಲೇ ಕುಂಡರತೀನಿ. ನೀ ಯಾವಾಗ ಬರ್ತಿ?" ಎಲ್ಲಾ ಕಡೆ ಅಂಟು ತುಂಬಿದ ಖೋಲಿಯಲ್ಲಿ ಗಾಳಿ ಎಲ್ಲಿಂದ ಆಡಬೇಕು? ನನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳುತ್ತಿದ್ದೀಯ ಅಂದುಕೊಂಡೆ. ಆ ಸುಳ್ಳಿಗೆ ಏನು ಉತ್ತರ ಕೊಡಲಿ ಎಂದು ತಿಳಿಯದೆ ಉತ್ತರವನ್ನೇ ಕೊಡಲಿಲ್ಲ. ಮೂರು ಸಲ ಟೇಪು ಹಚ್ಚಿದೆ, ಮೂರು ಸಲವೂ ನನ್ನ ಹೆಸರು ಹೇಳಿ… ಅಷ್ಟೇ. ದಸರೆ ಆದ ಮೇಲೆ ತಂತಿ ಬಂತು. ನಾನು ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಹದಿಮೂರು ದಿನ ಕಳೆದು, ಬಂದವರೆಲ್ಲ ಹೋದ ಮೇಲೆ ಮಾಮಾ ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟರು. "ಅಕೀನ ಇಲ್ಲ. ಇನ್ನ ಇದು ಯಾರಿಗೆ ಬೇಕು? ಬಿಚ್ಚು." ನಿನ್ನನ್ನು ಕೊಂದದ್ದು ನನ್ನ ಖೋಲಿಯೇ ಎಂದು ಅವರು ಹೇಳದಿದ್ದರೂ ನನಗೆ ಹಾಗೇ ಕೇಳಿಸಿತು. ನಿನ್ನ ಕುರ್ಚಿ ಸರಿಸಿ, ಕೆಳಗಿನ ಪಟ್ಟಿಯಿಂದ ಶುರು ಮಾಡೋಣ ಎಂದು ಮೊಣಕಾಲೂರಿದೆ. ಆಗ ಕೈಗೆ ಅದು ಸಿಕ್ಕಿತು.

ಕುರ್ಚಿಯ ಪಕ್ಕದಲ್ಲೇ, ಹಾಳೆಯಲ್ಲಿ ಒಂದೂವರೆ ಮೊಳದ ಸೀಳು. ಹರಿದದ್ದಲ್ಲ, ಕೊಯ್ದದ್ದು. ಎರಡೂ ಅಂಚಿಗೆ ನಿನ್ನ ಹಸಿರು ಇಳಕಲ್ ಸೀರೆಯ ದಡಿ ಮಡಚಿ ಹೊಲಿದಿತ್ತು. ಹೊಲಿಗೆ ಒಂದು ಕಡೆ ಏರಿ ಒಂದು ಕಡೆ ಇಳಿದಿತ್ತು, ಆದರೆ ಎಲ್ಲೂ ಬಿಟ್ಟಿರಲಿಲ್ಲ. ಉದ್ದಕ್ಕೂ ರವಿಕೆಯ ಹುಕ್ಕುಗಳು. ಬೇಕಾದಾಗ ಬಿಚ್ಚಿ ಹಾಳೆಯನ್ನು ಮಗುಚಬಹುದು, ಬೇಡವಾದಾಗ ಹಾಕಬಹುದು. ತಲೆಯೆತ್ತಿ ನೋಡಿದೆ. ಎದುರಿನ ಮೂಲೆಯಲ್ಲಿ, ಸ್ಲ್ಯಾಬಿನ ಹತ್ತಿರ ಅಂಥದೇ ಇನ್ನೊಂದು. ಕೆಳಗಿನಿಂದ ಬಂದ ಗಾಳಿ ಮೇಲಿನಿಂದ ಹೋಗಲಿ ಎಂದು.

"ಮಾಮಾ, ಇದನ್ನ ಯಾರು ಮಾಡ್ಯಾರ?"

"ಮತ್ಯಾರು? ನಿಮ್ಮ ಅತ್ತಿ."

"ಕಣ್ಣ ಕಾಣತಿದ್ದಿಲ್ಲಲ್ಲ."

"ಕೈಗೆ ಕಾಣತಿತ್ತು. ಸೂಜಿಗೆ ದಾರಾ ಪೋಣಿಸಿ ಕೊಟ್ಟಾಂವ ನಾ. ಮ್ಯಾಲಿಂದು ಸ್ಟೂಲ್ ಹತ್ತಿ ಕೊಯ್ದಾಂವನೂ ನಾನ." ಅವರು ನಿನ್ನ ಕುರ್ಚಿಯ ಬೆನ್ನಿಗೆ ಕೈಯಿಟ್ಟರು. "ನಾ ಅಂದೆ, ಕಿತ್ತ ಒಗಿಯೂಣು ಅಂತ. ಅಕಿ ಅಂದಳು, ಕಿತ್ತ ಒಗದ್ರ ಹುಡುಗ ತಿರುಗಿ ಬರೂದಿಲ್ಲ, ಹೊಲದ್ರ ಬರ್ತಾನು."

ನಾನು ಸೀಳಿನ ಮುಂದೆ ಹಾಗೇ ಕೂತೆ. ಕೇಳಬಾರದು ಅಂದುಕೊಂಡಿದ್ದನ್ನು ಕೇಳಿಬಿಟ್ಟೆ. "ಮಾಮಾ, ಅತ್ಯಾನ ಉಸುರು… ನನ್ನ ಖೋಲಿಂದ…"

"ಆ ಎರಡ ತಿಂಗಳ ತ್ರಾಸ ಆತು. ಇಲ್ಲ ಅನ್ನೂದಿಲ್ಲ," ಎಂದರು. "ಆದರ ಅಕಿಗೆ ದಮ್ಮು ಹದಿನೈದ ವರ್ಷದ್ದು, ನಿನ್ನ ಖೋಲಿ ಒಂದ ವರ್ಷದ್ದು. ಇದನ್ನ ಹೊಲದ ಮ್ಯಾಲೆ ದಸರಾ ತನಕಾ ದಿನಾ ಮುಂಜಾನೆ ಇಲ್ಲೇ ಕುಂಡರತಿದ್ದಳು. ಕಡೀ ದಿನಾನೂ ಇಲ್ಲೇ. ಅಕಿಗೆ ಬ್ಯಾಡಾಗಿದ್ರ ಕುಂಡರತಿದ್ದಳೇನ?" ಸ್ಕ್ರೂಡ್ರೈವರನ್ನು ನನ್ನ ಕೈಯಿಂದ ಅವರೇ ತೆಗೆದುಕೊಂಡು ಒಳಗೆ ಹೋದರು.

ನೀನು ಸುಳ್ಳು ಹೇಳಿರಲಿಲ್ಲ, ಅತ್ಯಾ. ಗಾಳಿ ನಿಜವಾಗಿಯೂ ಆಡುತ್ತಿತ್ತು. ನನ್ನ ತಪ್ಪನ್ನು ನೀನು ಕತ್ತಲಲ್ಲೇ ಹೊಲಿದು ಸರಿ ಮಾಡಿದೆ, ಅದು ತಪ್ಪಾಗಿತ್ತು ಎಂದು ಟೇಪಿನಲ್ಲಿ ಒಂದು ಮಾತೂ ಆಡಲಿಲ್ಲ. ಆ ಕ್ಯಾಸೆಟ್ಟಿಗೆ ನಾನು ಉತ್ತರ ಕೊಟ್ಟಿದ್ದರೆ? ಒಂದು ಭಾನುವಾರ ರೈಲು ಹತ್ತಿ ಬಂದಿದ್ದರೆ? ಮೊಣಕಾಲೂರಿ ಅದನ್ನು ನೋಡುವಾಗ ನೀನು ಆ ಕುರ್ಚಿಯಲ್ಲಿ ಇರುತ್ತಿದ್ದೆ. "ಹೆಂಗೈತಿ ನನ್ನ ಹೊಲಿಗಿ?" ಎಂದು ಕೇಳುತ್ತಿದ್ದೆ. ಇದು ಮಾತ್ರ ಹೊಲಿದರೂ ಕೂಡುವುದಿಲ್ಲ.

ಮರುದಿನ ವಾಡಿಗೆ ಹೋದೆ. ಉಸ್ತಾದರು ಮೇಲಿಂದ ಕೆಳಗೆ ನೋಡಿ, "ಆ ಗಯಾ ಭಗೋಡಾ?" ಎಂದರು, ಓಡಿಹೋದವನು ಬಂದನೇ ಎಂದು. ಬೈದರು, ಆಮೇಲೆ ಮೂಲೆಯ ಮಷೀನು ತೋರಿಸಿದರು. ಖೋಲಿ ಸರಿ ಮಾಡಲು ಒಂದು ತಿಂಗಳ ಭಾನುವಾರಗಳು ಬೇಕಾದವು. ಅಂಟು ಕೆರೆದೆ, ಪಟ್ಟಿ ಬಿಚ್ಚಿದೆ. ಮೂರೂ ಕಡೆ ಜೀಪಿನ ಪರದೆಯ ಹಾಗೆ, ನೀನು ಹೇಳಿದ ಹಾಗೆ, ಸುತ್ತಿ ಮೇಲೆ ಕಟ್ಟುವ ಪರದೆ ಮಾಡಿದೆ. ಚರ್ಮದ ಪಟ್ಟಿ, ಹಿತ್ತಾಳೆಯ ಬಕ್ಕಲು. ಕೂಲರನ್ನು ಒಳಕೋಣೆಯ ಕಿಟಕಿಗೇ ವಾಪಸು ಕೊಟ್ಟೆ. ನೀನು ಹೊಲಿದ ಆ ತುಂಡು ಮಾತ್ರ ಕುರ್ಚಿಯ ಪಕ್ಕ ಹಾಗೇ ಇದೆ. ಹಾಳೆ ಹಳದಿಯಾಗಿದೆ, ಪರವಾಗಿಲ್ಲ. ಈಗ ಅದರ ಮೂರು ಹುಕ್ಕು ಬಿಚ್ಚಿಟ್ಟಿದ್ದೇನೆ. ಸಂಕ್ರಾಂತಿಗೆ ಊರವರು ಹಾರಿಸುವ ಗಾಳಿಪಟಗಳ ನೆರಳು ಹಾಳೆಯ ಮೇಲೆ ಓಡಾಡುತ್ತಿದೆ. ಮೈಸೂರಿನ ಅಮ್ಮ ಎಳ್ಳು ಬೆಲ್ಲ ಕೊಟ್ಟು, ನಿನ್ನ ಕುರ್ಚಿಯ ಮೇಲೂ ಒಂದು ಚಿಟಿಕೆ ಇಟ್ಟು ಹೋದರು.

ಇನ್ನು ಸುದ್ದಿ. ಈ ಖೋಲಿಯನ್ನು ಒಮ್ಮೆ ಕಟ್ಟಿ ಮರೆಯುವ ಹಾಗಿಲ್ಲ. ಹೋಳಿಗೆ ಪರದೆ ಬಿಚ್ಚಿ, ಅಂಟಿಕೊಳ್ಳದ ಹಾಗೆ ಪೌಡರು ಹಚ್ಚಿ ಸುತ್ತಿ ಇಡಬೇಕು, ದೀಪಾವಳಿಗೆ ಮತ್ತೆ ಕಟ್ಟಬೇಕು. ಮಾಮಾನಿಗೆ ಸ್ಟೂಲು ಹತ್ತಲು ಇನ್ನು ಬಿಡುವುದಿಲ್ಲ. ಅಂದರೆ ಹೋಳಿಗೆ ನಾನಿಲ್ಲಿ ಇರಬೇಕು, ದೀಪಾವಳಿಗೂ ಇರಬೇಕು, ಅದರ ಮುಂದಿನ ಹೋಳಿಗೂ… ಇರುತ್ತೇನೆ. ನಿನ್ನೆ ಸಂಜೆ ಚಪ್ಪಲಿ ಬಿಡುವಾಗ ನೋಡಿದೆ. ಅವು ಮನೆಯ ಕಡೆಗೇ ಮುಖ ಮಾಡಿದ್ದವು. ನಾನು ತಿರುಗಿಸಿ ಇಟ್ಟದ್ದಲ್ಲ, ನಡೆದು ಬಂದ ಹಾಗೇ ಬಿಟ್ಟದ್ದು.

ಇನ್ನೊಂದು ಈಗಷ್ಟೇ ನಡೆಯಿತು, ಟೇಪಿನಲ್ಲಿ ನಿನಗೂ ಕೇಳಿಸಿರಬಹುದು. ಮಾಮಾ ಪೇಪರು ಮಡಚಿ, ಎದ್ದು ಬಂದು ನಿನ್ನ ಕುರ್ಚಿಯಲ್ಲಿ ಕೂತರು. ಮೂರು ತಿಂಗಳಲ್ಲಿ ಇದೇ ಮೊದಲು. ದಕ್ಷಿಣಕ್ಕೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಕೆನ್ನೆ ಮುಟ್ಟಿ ನೋಡಿಕೊಂಡರು.

"ಎಡಗಲ್ಲ ಬಿಸಿ ಆತು," ಎಂದರು. "ಒಂಬತ್ತಾತು. ಆ ಟೇಪ್ ಬಂದ್ ಮಾಡು, ಅಂಗಡಿಗೆ ಹೊತ್ತಾತು."