ಬಾಣಂತಿ ಕೋಣೆಗೆ ಏಸಿ

ಬಾಬುರಾಯನಕೊಪ್ಪಲು
28 ಏಪ್ರಿಲ್ 2024

ಮುದ್ದು ಮಗಳು ಪ್ರಿಯಾಂಕಳಿಗೆ,

ಅಮ್ಮನ ಆಶೀರ್ವಾದಗಳು. ಬಾಣಂತನಕ್ಕೆ ಕರೆದುಕೊಂಡು ಹೋಗಲು ಯಾವತ್ತು ಬರುತ್ತೀರಿ ಎಂದು ನೀನು ಕೇಳುತ್ತಲೇ ಇದ್ದೀಯ, ನಾನು ಮಾತು ತೇಲಿಸುತ್ತಲೇ ಇದ್ದೇನೆ. ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ಹೇಳಬೇಕಾದದ್ದು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕೋಡುಬಳೆ ಡಬ್ಬಿಯ ಜೊತೆ ಈ ಕಾಗದವನ್ನು ಅಪ್ಪನ ಕೈಲಿ ಕಳಿಸಿದ್ದೇನೆ. ಕೂತು ಓದು.

ಇಲ್ಲಿ ಸೆಕೆ ಹೇಳತೀರದು. ಮೊದಲೆಲ್ಲ ಯುಗಾದಿ ಕಳೆದ ಮೇಲೆ ಒಂದೆರಡು ಮಳೆ ಬಂದು ನೆಲ ತಣಿಯುತ್ತಿತ್ತು. ಈ ವರ್ಷ ಹೊಳೆ ಪಕ್ಕದಲ್ಲಿದ್ದೂ ಸಂಜೆಗಾಳಿಯೇ ಇಲ್ಲ, ತಾರಸಿ ಬೆಳಗಿನ ಜಾವಕ್ಕೂ ಆರುವುದಿಲ್ಲ. ಬೀದಿಗೆಲ್ಲ ಏಸಿ ಬಂದವು. ನಿಮ್ಮಪ್ಪ ಬಿಟ್ಟಾರೆಯೇ? ನೀನು ಬಸುರಿ ಎಂದು ಗೊತ್ತಾದ ವಾರವೇ ನಿನ್ನ ಕೋಣೆಗೊಂದು ಹಾಕಿಸಿದರು. "ನನ್ ಮೊಮ್ಮಗ ತಣ್ಣಗಿರ್ಬೇಕು ಕಣೇ" ಎಂದು ರಿಮೋಟನ್ನು ನನ್ನ ಕೈಗೂ ಕೊಡಲಿಲ್ಲ.

ಅಜ್ಜಿ ಮಗನ ಮೇಲೆ ಹರಿಹಾಯ್ದರು. "ಬಾಣಂತಿ ಕ್ವಾಣೆಗೆ ಸೀತದ ಮಿಷನ್ನೇನ್ಲಾ? ತಂಡಿ ಒಡುದ್ರೆ ಯಾರ್ಲಾ ನೋಡ್ಕಳದು?" ಕೊನೆಗೆ ರಾಜಿಯಾಯಿತು. ಏಸಿ ಇರಲಿ, ಆದರೆ ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕಬೇಕು, ತಾಯಿ ಮಗು ಇಬ್ಬರಿಗೂ ಕುಲಾವಿ, ಸ್ವೆಟರು, ಕಂಬಳಿ ತಪ್ಪಬಾರದು. ಎದುರುಮನೆ ಸಿದ್ದಲಿಂಗಮ್ಮನ ಮಗಳು, ನಿನ್ನ ಗೆಳತಿ ಅನು, ಹೆತ್ತು ಬಂದಾಗ ಅಲ್ಲಿಯೂ ಇದೇ ಏರ್ಪಾಡು. ಒಳಗೆ ಊಟಿ, ಮೈಮೇಲೆ ಕಂಬಳಿ ಎಂದು ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಅನು ನಿನ್ನ ಫೋನು ಯಾಕೆ ಎತ್ತುತ್ತಿಲ್ಲ ಎನ್ನುವುದನ್ನು ಕೊನೆಗೆ ಬರೆಯುತ್ತೇನೆ.

ಈ ಮಿಷನ್ನುಗಳು ಒಳಗಿನ ಸೆಕೆಯನ್ನೆಲ್ಲ ತಂದು ಓಣಿಗೆ ಉಗುಳುತ್ತವೆ. ಅದರಿಂದ ಏಸಿ ಇಲ್ಲದ ಮನೆ ಬೇಯುತ್ತದೆ, ಅವರೂ ಒಂದು ತರುತ್ತಾರೆ. ಲೈನ್‌ಮನ್ ಶಂಕರ್ ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತು ಅಂದೇ ಹೇಳಿದ್ದ: "ಅಕ್ಕಾ, ಮೊದ್ಲು ಜನ ಮಲಗುದ್ರೆ ಲೋಡು ಇಳಿಯೋದು. ಈಗ ಅಗ್ಲು ರಾತ್ರಿ ಇಳಿಯದೇ ಇಲ್ಲ. ಇದು ತಡೆಯಾಕಿಲ್ಲ ಬುಡಿ." ತಡೆಯಲಿಲ್ಲ. ದೊಡ್ಡದು ತಂದು ಕೂರಿಸಿದರು. ದೊಡ್ಡದು ಬಂತಲ್ಲ ಎಂದು ಜನ ಇನ್ನೂ ನಾಲ್ಕು ಏಸಿ ತಂದರು, ಅದೂ ಸುಟ್ಟುಹೋಯಿತು. ಮೇ ತಿಂಗಳು ಇನ್ನೂ ಹಾಗೇ ಇದೆ.

ಆದ್ದರಿಂದ ಹೇಳುತ್ತೇನೆ ಮಗಳೇ, ಹೆರಿಗೆಗೆ ನೀನು ತವರಿಗೆ ಬರಬೇಡ. ಕ್ಯಾತನಹಳ್ಳಿಯ ನಿಮ್ಮದು ಹೆಂಚಿನ ಮನೆ, ಹಿಂದೆ ಬಾಗಿಲು ತೆಗೆದರೆ ಕಬ್ಬಿನ ಗದ್ದೆಯ ಗಾಳಿ. ನಾನೇ ಅಲ್ಲಿಗೆ ಬರುತ್ತೇನೆ. ಚೊಚ್ಚಲ ಬಾಣಂತನವನ್ನು ಬೀಗರ ಮನೆಯಲ್ಲಿ ಮಾಡಿದಳು ಎಂದು ಊರು ಆಡಿಕೊಳ್ಳಲಿ. ನಿನ್ನ ಮದುವೆಯ ದಿನದಿಂದ ಕಾದಿದ್ದ ಕೆಲಸವಿದು. ಆದರೂ ಬರಬೇಡ.

ಚೆನ್ನಾಗಿ ನೀರು ಕುಡಿ, ಬಿಸಿಲಿಗೆ ಹೋಗಬೇಡ. ನಿಮ್ಮ ಅತ್ತೆ ಮಾವನಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನನ್ನೂ ಒಡಲಲ್ಲಿರುವ ಕೂಸನ್ನೂ ತಂಪಾಗಿಟ್ಟಿರಲಿ.

ನಿನ್ನ ಅಮ್ಮ,
ಯಶೋದಮ್ಮ

ತಾ.ಕ.: ಬಸುರಿಗೆ ಕೆಟ್ಟ ಸುದ್ದಿ ಹೇಳಬಾರದೆಂದು ಎಲ್ಲರೂ ಬಾಯಿ ಕಟ್ಟಿಕೊಂಡಿದ್ದಾರೆ. ನಾನು ಹೇಳುತ್ತೇನೆ, ಇಲ್ಲದಿದ್ದರೆ ನೀನು ಹಟ ಹಿಡಿದು ಬಂದುಬಿಡುತ್ತೀಯ. ಅನುವಿನ ಮಗು ಹೋಯಿತು. ಎರಡನೆಯ ಸಲ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದ ಮಧ್ಯಾಹ್ನ ಏಸಿ ನಿಂತಿತು, ಕೋಣೆ ಮುಚ್ಚಿದ ಹಾಗೇ ಇತ್ತು. ಗಾಳಿ ಸೋಕಬಾರದಲ್ಲ. ಅಲ್ಲಿ ಬಾಣಂತನ ಮಾಡುತ್ತಿದ್ದದ್ದು ನಮ್ಮ ಅಜ್ಜಿಯೇ. ಅನು ಉಸಿರು ಕಟ್ಟುತ್ತದೆ ಎಂದದ್ದಕ್ಕೆ "ಬಾಣಂತಿ ಬೆವರ್ಬೇಕು ಕಣವ್ವ" ಎಂದು ಮಗುವಿನ ಕಂಬಳಿಯನ್ನು ಇನ್ನೊಂದು ಸುತ್ತು ಬಿಗಿ ಮಾಡಿದರಂತೆ. ಅಳದೆ ಮಲಗಿದೆ ಎಂದುಕೊಂಡರು.

ಏಸಿಯ ಶೀತವೇ ಮಗುವನ್ನು ತಿಂದಿತು ಎಂದು ಅಜ್ಜಿ ಈಗಲೂ ಹೇಳುತ್ತಾರೆ. ಅವರನ್ನು ಬೈಯಲು ನನಗೆ ಬಾಯಿಲ್ಲ, ನಿನ್ನನ್ನು ಹೆತ್ತಾಗ ನನ್ನನ್ನೂ ಹಾಗೇ ಸುತ್ತಿ ಉಳಿಸಿಕೊಂಡ ಕೈ ಅದು. ಇವತ್ತು ಬೆಳಿಗ್ಗೆ ಅಂಗಳದಲ್ಲಿ ಕೂತು ಹಳೆಯ ಸೀರೆ ಹರಿಯುತ್ತಾ ನನ್ನನ್ನು ಕೇಳಿದರು, "ಪ್ರಿಯಾಂಕ ಯಾವತ್ತು ಬತ್ತಾಳೆ? ಈ ಸಲ ಒಂದ್ಗಳಿಗೆನೂ ಬಾಗ್ಲು ತಗ್ಯಾಕ್ ಬುಡಾಕಿಲ್ಲ ನಾನು."